ಹಿಂದಿನ ಸಾಲಿನಲ್ಲಿ ನಿಂತವರು

ನಮ್ಮ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಎತ್ತರದವರಿಗೆ ನೆಟ್, ಗಿಡ್ಡಗಿದ್ದವರಿಗೆ ಹಿಂದಿನ ಸಾಲು. ನಾನು ಓದಿದ ಅಷ್ಟೂ ವರ್ಷ ಹಿಂದಿನ ಸಾಲಿನವಳೇ. ಸಂಜೆ ಸೀನಿಯರ್ ಅಕ್ಕಂದಿರು ಸ್ಮ್ಯಾಶ್ ಹೊಡೆಯುವಾಗ, ಮೇಡಂ ನಮ್ಮನ್ನು ನೆಟ್ಟಿನ ಆಚೆ ಬದಿಗೆ ನಿಲ್ಲಿಸಿ ಅದನ್ನೆಲ್ಲ ರಿಸೀವ್ ಮಾಡಿಸುತ್ತಿದ್ದರು. "ಕೈ ಬೀಸಬೇಡ್ರೇ, ಕಾಲು ಆಡಿಸಿ. ಬಾಲ್ ಬರೋಕೆ ಮೊದಲೇ ನೀವು ಅಲ್ಲಿರಬೇಕು." ಮೊಣಕಾಲು ಬಗ್ಗಿಸಿ, ಮುಂಗೈ ಎರಡನ್ನೂ ಜೋಡಿಸಿ, ಎಷ್ಟೇ ಜೋರಾಗಿ ಬಂದ ಚೆಂಡಾದರೂ ಸದ್ದಿಲ್ಲದೆ, ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಲಿಫ್ಟರ್ ತಲೆಯ ಮೇಲೆ ಇಳಿಯುವಂತೆ ಕೊಡಬೇಕು. ಮುಂಗೈ ಕೆಂಪಾಗಿ ಸಣ್ಣ ಚುಕ್ಕೆಗಳು ಏಳುತ್ತಿದ್ದವು. ರಾತ್ರಿ ನೋಟ್ಸ್ ಬರೆಯಲು ಕೂತರೆ ಮೇಜಿನ ಅಂಚು ತಾಗಿದಲ್ಲೆಲ್ಲ ಉರಿ.

ಕಿಮ್ ಯೋನ್-ಕ್ಯೋಂಗ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಮೇಡಂ ಬಾಯಲ್ಲಿ. ನಾನು ಕಾಲೇಜು ಸೇರಿದ್ದು ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ. ಅಲ್ಲಿ ದಕ್ಷಿಣ ಕೊರಿಯಾದ ಮಹಿಳಾ ತಂಡ ಕಂಚಿನ ಪಂದ್ಯದಲ್ಲಿ ಜಪಾನಿಗೆ ಸೋತು ನಾಲ್ಕನೇ ಸ್ಥಾನಕ್ಕೆ ನಿಂತಿತ್ತು. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಆ ತಂಡದ ಕಿಮ್‌ಗೇ ಬಂತು. 207 ಪಾಯಿಂಟ್ ಗಳಿಸಿ, ಅತಿ ಹೆಚ್ಚು ಪಾಯಿಂಟ್ ಪಡೆದವರೂ ಅವರೇ ಆಗಿದ್ದರು. ಪದಕವಿಲ್ಲದ ತಂಡದವರಿಗೆ ಇಂಥ ಪ್ರಶಸ್ತಿ ಸುಲಭಕ್ಕೆ ಬರುವುದಿಲ್ಲ. ಆದರೆ ಮೇಡಂ ನಮಗೆ ಅವರ ವಿಷಯ ಹೇಳಿದ್ದು ಇದಕ್ಕಲ್ಲ. "ಸ್ಕೂಲಲ್ಲಿದ್ದಾಗ ಅವಳೂ ನಿಮ್ಮ ಹಾಗೇ ಗಿಡ್ಡ ಇದ್ದಳು ಕಣ್ರೇ" ಎಂದಿದ್ದರು.

ಮೇಡಂ ಹೇಳಿದ್ದು ನಿಜ. 1988ರಲ್ಲಿ ಹುಟ್ಟಿದ ಕಿಮ್, ಅಕ್ಕ ಆಡುತ್ತಿದ್ದುದನ್ನು ನೋಡಿ ವಾಲಿಬಾಲಿಗೆ ಬಂದವರು. ಮಾಧ್ಯಮಿಕ ಶಾಲೆಯಲ್ಲಿ 170 ಸೆಂ.ಮೀ. ಕೂಡ ಇರಲಿಲ್ಲ. ಹೆಚ್ಚಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವಕಾಶ ಸಿಕ್ಕಾಗ ಲಿಫ್ಟರ್ ಆಗಿ, ಹಿಂದಿನ ಸಾಲಿನಲ್ಲಷ್ಟೇ ಆಡುವ ಲಿಬೆರೊ ಆಗಿ ಆಡುತ್ತಿದ್ದರು. ಪ್ರೌಢಶಾಲೆಯಲ್ಲಿ ಒಮ್ಮೆಲೇ ಬೆಳೆದು 192 ಸೆಂ.ಮೀ. ಮುಟ್ಟುವ ದಾರಿ ಹಿಡಿದರು. ಆ ಹೊತ್ತಿಗೆ ರಿಸೀವ್ ಅವರ ಕೈಗೆ ಕೂತುಬಿಟ್ಟಿತ್ತು. ಚಿಕ್ಕಂದಿನಿಂದ ಎತ್ತರವಿರುವವರನ್ನು ಕೋಚ್‌ಗಳು ನೆಟ್ ಬಿಟ್ಟು ಕದಲಿಸುವುದಿಲ್ಲ, ಹೀಗಾಗಿ ಅವರಲ್ಲಿ ಹಲವರಿಗೆ ಹಿಂದಿನ ಸಾಲಿನ ಆಟ ಒಗ್ಗುವುದೇ ಇಲ್ಲ. ಕಿಮ್‌ಗೆ ಎರಡೂ ಒಲಿದವು. ನನ್ನ ಮಟ್ಟಿಗೆ ಅವರ ಇಡೀ ವೃತ್ತಿಬದುಕಿನ ಗುಟ್ಟು ಅಲ್ಲಿದೆ. ಕಿಮ್‌ರಂತೆ ನೆಟ್ಟಿನ ಅಂಚಿನಿಂದ ಹೊಡೆಯುವ ಔಟ್‌ಸೈಡ್ ಹಿಟ್ಟರ್ ಆದವರು ಸ್ಮ್ಯಾಶ್ ಹೊಡೆದರಷ್ಟೇ ಸಾಲದು, ಎದುರಾಳಿಯ ಸರ್ವಿಸನ್ನೂ ಎತ್ತಬೇಕು. ಒಳ್ಳೆಯ ಹಿಟ್ಟರನ್ನು ದಣಿಸಲೆಂದೇ ಎದುರಾಳಿಗಳು ಸರ್ವಿಸನ್ನು ಅವರ ಮೇಲೆ ಹಾಕುತ್ತಾರೆ. ರಿಸೀವ್ ಕೊಟ್ಟು, ಎದ್ದು, ಓಡಿ, ಅದೇ ಚೆಂಡಿಗೆ ಹಾರಿ ಹೊಡೆಯಬೇಕು, ಅದೂ ರ‍್ಯಾಲಿ ಮೇಲೆ ರ‍್ಯಾಲಿ.

2005ರಲ್ಲಿ ಕೊರಿಯಾದ ಹುಂಗ್‌ಕುಕ್ ಲೈಫ್ ಕ್ಲಬ್ ತಂಡ ಸೇರಿದ ಮೊದಲ ಸೀಸನ್ನಿನಲ್ಲೇ ಲೀಗಿನ ಅತ್ಯುತ್ತಮ ಹೊಸಬಳು, ಅತ್ಯುತ್ತಮ ಆಟಗಾರ್ತಿ ಎರಡೂ ಆದರು, ತಂಡ ಚಾಂಪಿಯನ್ ಆಯಿತು. 2009ರಿಂದ ಎರಡು ಸೀಸನ್ ಜಪಾನಿನಲ್ಲಿ ಆಡಿ, 2011ರಲ್ಲಿ ಇಸ್ತಾಂಬುಲ್‌ನ ಫೆನರ್‌ಬಾಚೆಗೆ ಹೋದರು. ಮರುವರ್ಷವೇ ಆ ತಂಡ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಮೇಲೆ ಶಾಂಘೈ, ಮತ್ತೆ ಇಸ್ತಾಂಬುಲ್‌ನ ಎಜ್ಜಾಜಿಬಾಶಿ. 2020ರಲ್ಲಿ ಹುಂಗ್‌ಕುಕ್ ಲೈಫ್‌ಗೆ ಮರಳಿದಾಗ ಅವರು ತೆಗೆದುಕೊಂಡ ತೀರ್ಮಾನ ನನಗೆ ಪ್ರಶಸ್ತಿಗಳಿಗಿಂತ ದೊಡ್ಡದು. ಕೊರಿಯಾದ ಲೀಗಿನಲ್ಲಿ ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. 65 ಕೋಟಿ ವೊನ್‌ವರೆಗೆ ಕೇಳಬಹುದಾಗಿದ್ದ ಕಿಮ್ 35 ಕೋಟಿಗೆ ಒಪ್ಪಿದರು, ಉಳಿದ ಆಟಗಾರ್ತಿಯರ ಸಂಬಳಕ್ಕೆ ಕತ್ತರಿ ಬೀಳಬಾರದೆಂದು.

ಟೋಕಿಯೊ ಒಲಿಂಪಿಕ್ಸ್ ಬಂದದ್ದು 2021ರಲ್ಲಿ. ಅಷ್ಟರಲ್ಲಿ ನಮ್ಮ ತಂಡದವರೆಲ್ಲ ಕೆಲಸ, ಸಂಸಾರ ಅಂತ ಚದುರಿ ಹೋಗಿದ್ದೆವು. ಜಪಾನ್ ವಿರುದ್ಧದ ಪಂದ್ಯದ ದಿನ ಮಾತ್ರ ಹಳೆಯ ಗ್ರೂಪಿನಲ್ಲಿ ಎಲ್ಲರೂ ಎದ್ದು ಕೂತರು. ಐದನೇ ಸೆಟ್, 12–14. ಇನ್ನೊಂದು ಪಾಯಿಂಟ್ ಹೋದರೆ ಜಪಾನ್ ಗೆದ್ದಂತೆ. ಅಲ್ಲಿಂದ ಸತತ ನಾಲ್ಕು ಪಾಯಿಂಟ್ ಗಳಿಸಿ ಕೊರಿಯಾ 16–14ಕ್ಕೆ ಪಂದ್ಯ ಎತ್ತಿಕೊಂಡಿತು. ಅಂದು ಕಿಮ್ ಬಲತೊಡೆಯ ಮೇಲೆ, ಟೇಪ್ ಸುತ್ತಿದ್ದ ಕಡೆ, ರಕ್ತನಾಳಗಳು ಒಡೆದು ಎದ್ದ ಕೆಂಪು ಕಲೆಗಳು ಫೋಟೋಗಳಲ್ಲಿ ಎದ್ದು ಕಾಣುತ್ತಿದ್ದವು. ಗ್ರೂಪಿಗೆ ಆ ಫೋಟೋ ಹಾಕಿದವರು ಮೇಡಂ. ಕೆಳಗೆ ಏನೂ ಬರೆದಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಟರ್ಕಿಯನ್ನೂ ಐದು ಸೆಟ್‌ಗಳಲ್ಲಿ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಬ್ರೆಜಿಲ್, ಕಂಚಿಗೆ ಸರ್ಬಿಯಾ, ಎರಡೂ ಕೈಬಿಟ್ಟವು. ಮತ್ತೆ ನಾಲ್ಕನೇ ಸ್ಥಾನ. ಕೆಲವೇ ದಿನಗಳಲ್ಲಿ ಅವರು ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಜಗತ್ತಿನ ಶ್ರೇಷ್ಠರ ಸಾಲಿನಲ್ಲಿ ನಿಲ್ಲುವ ಈ ಆಟಗಾರ್ತಿಯ ಹತ್ತಿರ ಒಲಿಂಪಿಕ್ಸ್ ಪದಕ ಇಲ್ಲ ಎಂಬುದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ.

ಕ್ಲಬ್ ಆಟವನ್ನು ಮಾತ್ರ ಅವರು ಬಿಡಲಿಲ್ಲ. 2023ರ ಫೈನಲ್ ಸರಣಿಯಲ್ಲಿ ಹುಂಗ್‌ಕುಕ್ ಮೊದಲೆರಡು ಪಂದ್ಯ ಗೆದ್ದು, ಉಳಿದ ಮೂರನ್ನೂ ಸೋತು ಪಟ್ಟ ಕಳೆದುಕೊಂಡಿತು. ಮರುವರ್ಷ ಫೈನಲ್‌ನಲ್ಲಿ ಮತ್ತೆ ಸೋಲು. 2025ರ ಏಪ್ರಿಲ್‌ನಲ್ಲಿ, ಇದೇ ಕೊನೆಯ ಸೀಸನ್ ಎಂದು ಹೇಳಿಯಾದ ಮೇಲೆ, ಎರಡು ಗೆದ್ದು ಎರಡು ಸೋತು ಸರಣಿ ಐದನೇ ಪಂದ್ಯಕ್ಕೆ ಬಂತು, ಆ ಪಂದ್ಯವೂ ಐದನೇ ಸೆಟ್ಟಿಗೆ ಹೋಯಿತು. 37ನೇ ವಯಸ್ಸಿನಲ್ಲಿ ಕಿಮ್ ಆ ಒಂದೇ ಪಂದ್ಯದಲ್ಲಿ 34 ಪಾಯಿಂಟ್ ಗಳಿಸಿದರು. ತಂಡ ಚಾಂಪಿಯನ್ ಆಯಿತು.

ಈಗ ಕಾಲೇಜು ತಂಡದಲ್ಲಿರುವ ಹುಡುಗಿಯರು ಬಿಡುವಾದಾಗ ಟೋಕಿಯೊದಲ್ಲಿ ಜಪಾನ್ ವಿರುದ್ಧ ಆಡಿದ್ದು, 2025ರ ಆ ಐದನೇ ಪಂದ್ಯ, ಎರಡನ್ನೂ ಹುಡುಕಿ ನೋಡಿ. ಒಂದು ಸೆಟ್ಟನ್ನಾದರೂ ಚೆಂಡನ್ನು ಬಿಟ್ಟು ಕಿಮ್ ಕಾಲುಗಳನ್ನೇ ನೋಡುತ್ತಾ ಕೂರಿ. ಸರ್ವಿಸ್ ನೆಟ್ ದಾಟುವ ಮೊದಲೇ ಅವರು ಎಲ್ಲಿ ನಿಂತಿರುತ್ತಾರೆ ಎಂದು ಬರೆದಿಟ್ಟುಕೊಂಡು ಮರುದಿನ ಮೇಡಂಗೆ ತೋರಿಸಿ.