ಐದನೇ ಖೋಖಾ

ಕೊಡಗಿನಿಂದ ಬಂದವನು ಅಂದದ್ದೇ ತಡ, ನಮಗೆ ಡ್ರಿಲ್ ಕಲಿಸುವ ಉಸ್ತಾದರ ಮುಖ ಅರಳಿತು. "ಕೂರ್ಗ್? ಕಾರ್ಯಪ್ಪ ಸಾಬ್ ಕಾ ಕೂರ್ಗ್?" ಹೌದು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕೊಡಗೇ ಎಂದು ತಲೆಯಾಡಿಸಿದೆ. ಅಲ್ಲಿಗೆ ನನ್ನ ಹೆಸರು ಹೋಯಿತು. ಮುಂದಿನ ಹನ್ನೆರಡು ದಿನ ಆ ಬ್ಯಾರಕ್ಕಿನಲ್ಲಿ ನಾನು ಬರೀ ಕಾರ್ಯಪ್ಪ.

ಅದು 1998ರ ಡಿಸೆಂಬರ್. ನಾನು ಕೊನೆಯ ವರ್ಷದ ಬಿ.ಕಾಂ. ನಮ್ಮ ಕಾಲೇಜಿನ ಎನ್‌ಸಿಸಿಯಿಂದ ಮೂವರನ್ನು ಆರ್ಮಿ ಅಟ್ಯಾಚ್‌ಮೆಂಟ್ ಕ್ಯಾಂಪಿಗೆಂದು ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಕಳಿಸಿದ್ದರು. ಹೊಸದಾಗಿ ಭರ್ತಿಯಾದ ರಿಕ್ರೂಟರ ಜೊತೆಯಲ್ಲೇ ಮಲಗುವುದು, ಏಳುವುದು, ಓಡುವುದು. ಅವರಿಗೆ ಅದು ಬದುಕು, ನಮಗೆ 'ಸಿ' ಸರ್ಟಿಫಿಕೇಟ್ ಪರೀಕ್ಷೆಗೆ ಬೇಕಾದ ಒಂದು ಕ್ಯಾಂಪು. ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಆಡಿ ತೋರಿಸಲಿಲ್ಲ.

ಉಸ್ತಾದರಿಗೆ ನಾನು ಹೇಳದೇ ಬಿಟ್ಟ ವಿಷಯವೊಂದಿತ್ತು. ನಮ್ಮಪ್ಪ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಮನೆಯಲ್ಲಿ ಕೋವಿ ಇರಲಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ನಾವು ಎರಡೂ ಅಲ್ಲ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಪಕ್ಕದ ಮನೆಯವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಿದ್ದರೆ ನನ್ನ ಕಣ್ಣು ಕಡಂಬುಟ್ಟಿನ (ಅಕ್ಕಿ ಕಡುಬು) ಪಾತ್ರೆಯ ಮೇಲಿರುತ್ತಿತ್ತು. ಇನ್ನು ಮಡಿಕೇರಿಯಲ್ಲಿರುವ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಎಂದರೆ ನಮ್ಮ ಕಾಲದವರಿಗೆ ಆರ್.ಟಿ.ಓ. ಆಫೀಸು. ಅದು ಮ್ಯೂಸಿಯಂ ಆದದ್ದು 2021ರಲ್ಲಿ. ಕೊಡಗಿನವನೆಂದರೆ ಕೋವಿ ಹಿಡಿದೇ ಹುಟ್ಟಿದವನೆಂದು ಹೊರಗಿನವರು ತಿಳಿಯುತ್ತಾರೆ. ನಾವೂ ಹಾಗಲ್ಲವೆಂದು ಹೇಳಲು ಹೋಗುವುದಿಲ್ಲ. ಬಿಟ್ಟಿ ಸಿಗುವ ಮರ್ಯಾದೆ ಯಾರಿಗೆ ಬೇಡ?

ಮೊದಲ ನಾಲ್ಕು ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾಲ್ಕೂವರೆಗೆ ಸೀಟಿ, ಮಗ್ಗಿನ ತುಂಬ ಚಹಾ, ಗಿನತಿ (ತಲೆ ಎಣಿಕೆ), ಪಿಟಿ, ಡ್ರಿಲ್ಲು, ಊಟದ ಲಂಗರಿನ ಮುಂದೆ ಸಾಲು. ಕಂಬಳಿಯ ಅಂಚು ಮಂಚದ ಅಂಚಿಗೆ ಸರಿಯಾಗದಿದ್ದರೆ ಇಡೀ ಹಾಸಿಗೆ ನೆಲಕ್ಕೆ. ಡ್ರಿಲ್ಲಿನಲ್ಲಿ ಹೆಜ್ಜೆ ಮೂವತ್ತು ಇಂಚು, ಒಂದಿಂಚು ಆಚೆ ಈಚೆ ಇಲ್ಲ. ಉಸ್ತಾದರು ಹೆಜ್ಜೆ ಅಳೆಯುವ ಪೇಸ್ ಸ್ಟಿಕ್ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದರು. ಏರು-ಇಳಿಜಾರಿನಲ್ಲೇ ಬೆಳೆದ ಕಾಲು ನಮ್ಮದು, ಸಪಾಟು ನೆಲದಲ್ಲೂ ಮಂಡಿ ಮಡಚುತ್ತದೆ. ಇದು ನನಗೆ ಗೊತ್ತಾದದ್ದೇ ಅಲ್ಲಿ. "ಕಾರ್ಯಪ್ಪ, ಪಹಾಡ್ ಖತಮ್ ಹೋ ಗಯಾ!" ಎಂದು ದಿನಕ್ಕೆ ಹತ್ತು ಸಲವಾದರೂ ಕೂಗುತ್ತಿದ್ದರು.

ಬೂಟು ಹೊಸದು. ಐದನೇ ದಿನದ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಪಕ್ಕದ ಮಂಚದವನು ಜೇವರ್ಗಿಯ ಕಡೆಯ ಹುಡುಗ. ಎಲ್ಲರೂ ಅವನನ್ನು ಜೇವರ್ಗಿ ಎಂದೇ ಕರೆಯುತ್ತಿದ್ದರು. ರಾತ್ರಿ ರೋಲ್ ಕಾಲ್ ಮುಗಿದ ಮೇಲೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡ. ಸೂಜಿಯನ್ನು ಬೆಂಕಿಕಡ್ಡಿಯಲ್ಲಿ ಕಾಯಿಸಿ, ದಾರ ಪೋಣಿಸಿ, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿದ. ಎರಡೂ ಬದಿಗೆ ಒಂದೊಂದು ಬೆರಳಷ್ಟು ದಾರ ಬಿಟ್ಟು ಕತ್ತರಿಸಿದ. "ಚರ್ಮ ಹರೀಬ್ಯಾಡೋ ಕಾರ್ಯಪ್ಪ. ದಾರ ಒಳಗ ಇರ್ಲಿ, ನೀರು ತಾನ ಇಳೀತೈತಿ." ಬೆಳಿಗ್ಗೆ ನೋಡಿದರೆ ಚರ್ಮ ಒಣಗಿ ಅಂಟಿಕೊಂಡಿತ್ತು. ಇದು ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ಮೊದಲ ವಾರ ತನಗೆ ಇನ್ನೊಬ್ಬ ಮಾಡಿದ್ದ ಅಂದ. (ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ, ಸೋಂಕು ತಗುಲುತ್ತದೆ ಅನ್ನುತ್ತಾರೆ. ಈಗಿನ ಕೆಡೆಟ್‌ಗಳು ನನ್ನ ಮಾತು ಕೇಳಿ ಸೂಜಿ ಹಿಡಿಯಬೇಡಿ.)

ಒಂಬತ್ತನೇ ದಿನ ಫೈರಿಂಗ್ ರೇಂಜು. ಕಾಲೇಜಿನಲ್ಲಿ ನಾವು ಹಿಡಿದದ್ದು ಪಾಯಿಂಟ್ ಟೂ ಟೂ ರೈಫಲ್, 25 ಮೀಟರಿನಿಂದ. ಅದರ ಸದ್ದು ಪಟಾಕಿಗಿಂತ ಹೆಚ್ಚಿಲ್ಲ. ಇಲ್ಲಿ ಕೈಗೆ ಬಂದದ್ದು ಸೈನ್ಯದ ದೊಡ್ಡ ರೈಫಲ್, 7.62ರ ಎಸ್‌ಎಲ್‌ಆರ್, ಸುಮಾರು ನಾಲ್ಕೂವರೆ ಕಿಲೋ. ಅಂದು ಕೆಡೆಟ್‌ಗಳನ್ನೂ ರಿಕ್ರೂಟರನ್ನೂ ಬೆರೆಸಿ ಮಲಗಿಸಿದ್ದರು. ನನ್ನ ಎಡಕ್ಕೆ ಜೇವರ್ಗಿ. ಉಸ್ತಾದರು ಹಿಂದಿನಿಂದ "ಶಿಸ್ತ್ ಲೇ!" ಅಂದರು. ಮಲಗಿದ್ದಲ್ಲೇ ಕಾಲು ಜೋಡಿಸಿ, ಬೆನ್ನು ಬಿಗಿ ಮಾಡಿ, ಸಾಧ್ಯವಾದಷ್ಟು ಶಿಸ್ತಿನಿಂದ ಇದ್ದೆ. ಇನ್ನೊಮ್ಮೆ "ಶಿಸ್ತ್ ಲೇ!" ಗದ್ದವನ್ನೂ ಎತ್ತಿದೆ. ಬೆನ್ನಿಗೆ ಬೆತ್ತದ ತುದಿ ತಾಗಿದ ಮೇಲೆ ಜೇವರ್ಗಿ ಪಿಸುಗುಟ್ಟಿದ, "ಗುರಿ ಹಿಡಿಯಂತಾರೋ, ಗುರಿ!" ಫೌಜಿನ ಹಿಂದಿಯಲ್ಲಿ ಶಿಸ್ತ್ ಎಂದರೆ ಗುರಿ. ನಮ್ಮ ಮೇಷ್ಟರ ಬಾಯಲ್ಲಿ ಶಿಸ್ತಿನ ಅರ್ಥವೇ ಬೇರೆ.

ಐದು ಗುಂಡು ಹೊಡೆದೆ. ಭುಜಕ್ಕೆ ಗುದ್ದು ಬೀಳುತ್ತಿತ್ತು, ಪ್ರತಿ ಸಲವೂ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಟಾರ್ಗೆಟ್ ನೋಡಲು ಹೋದರೆ ನನ್ನದರಲ್ಲಿ ಒಂದು ತೂತೂ ಇಲ್ಲ. ಐದೇ ಗುಂಡು ಹೊಡೆದಿದ್ದ ಜೇವರ್ಗಿಯದರಲ್ಲಿ ಎಂಟು. ಉಸ್ತಾದರು ಎರಡನ್ನೂ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. "ಕಾರ್ಯಪ್ಪ," ಅಂದು ಸುಮ್ಮನಾದರು. ಬೈದಿದ್ದರೆ ಎಷ್ಟೋ ವಾಸಿ.

ಅಷ್ಟರಲ್ಲಿ ಖೋಖಾ ಲೆಕ್ಕ ಶುರುವಾಯಿತು. ಹೊಡೆದ ಗುಂಡಿಗೆ ಒಂದರಂತೆ ಖಾಲಿ ಹಿತ್ತಾಳೆ ಕೊಳವೆ ವಾಪಸು ಕೊಡಬೇಕು, ಒಂದು ತಪ್ಪಿದರೂ ಯಾರೂ ಅಲ್ಲಾಡುವಂತಿಲ್ಲ. ಜೇವರ್ಗಿಯ ಲೆಕ್ಕದಲ್ಲಿ ನಾಲ್ಕೇ ಸಿಕ್ಕಿತು. ನಲವತ್ತು ಜನ ಮಂಡಿಯೂರಿ ಹುಲ್ಲು ಬಾಚಿದೆವು, ಕಾಫಿ ಕೊಯ್ಲಿನಲ್ಲಿ ಹೆಂಗಸರು ಉದುರಿದ ಹಣ್ಣು ಹೆಕ್ಕುವ ಹಾಗೆ. ಒಂದು ಗಂಟೆ ಹೋಯಿತು, ಬಿಸಿಲೇರಿತು. ಜೇವರ್ಗಿಯ ಮುಖದಲ್ಲಿ ನೀರಿಳಿಯುತ್ತಿತ್ತು, ಬೆವರೋ ಅಳುವೋ ತಿಳಿಯಲಿಲ್ಲ. ಬೆವರೊರೆಸಿಕೊಳ್ಳಲೆಂದು ಮಡಚಿದ ಅಂಗಿತೋಳನ್ನು ಇಳಿಸಿದೆ. ಠಣ್ ಎಂದು ಬೂಟಿನ ಮೇಲೆ ಬಿತ್ತು. ಎಡಗಡೆಯ ರೈಫಲ್ ಬಲಕ್ಕೆ ಎಸೆದ ಐದನೇ ಖೋಖಾ ಅಷ್ಟು ಹೊತ್ತೂ ನನ್ನ ಅಂಗಿತೋಳಿನ ಮಡಿಕೆಯಲ್ಲಿತ್ತು. ಅದಕ್ಕೆ ಮೊದಲು ಎಲ್ಲರ ಜೊತೆ ನಿಂತು, ನನ್ನ ಬಳಿ ಜಿಂದಾ ರೌಂಡಾಗಲೀ ಖಾಲಿ ಖೋಖಾ ಆಗಲೀ ಇಲ್ಲವೆಂದು ಗಟ್ಟಿ ದನಿಯಲ್ಲಿ ಹೇಳಿದ್ದೆ ಕೂಡ.

ಫ್ರಾಗ್ ಜಂಪ್‌ನಲ್ಲಿ ರೇಂಜಿನ ಒಂದು ಸುತ್ತು. ನನಗೊಬ್ಬನಿಗಲ್ಲ, ಖೋಖಾ ಅವನ ಲೆಕ್ಕದ್ದೆಂದು ಜೇವರ್ಗಿಗೂ. ಕುಪ್ಪಳಿಸುತ್ತ ನಾನು ಕ್ಷಮೆ ಕೇಳಿದೆ. ಅವನು ಏದುಸಿರಿನಲ್ಲೇ ನಗುತ್ತಿದ್ದ. "ಗ್ರೂಪಿಂಗೂ ಕೆಡಿಸಿದಿ, ಖೋಖಾನೂ ಕದ್ದಿ. ನಿಮ್ಮೂರಾಗ ಎಲ್ಲಾರೂ ಹಿಂಗ ಏನೋ?"

ನಾನು ಸೈನ್ಯ ಸೇರಲಿಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ತಾಳೆಯಾಗದ ಲೆಕ್ಕವನ್ನು ಬಿಟ್ಟು ಮನೆಗೆ ಹೋಗಲು ಈಗಲೂ ಆಗುವುದಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಅಗ್ನಿವೀರ್ ಭರ್ತಿಗೆಂದು ಹುಡುಗರು ಓಡುತ್ತಿರುತ್ತಾರೆ. 1.6 ಕಿ.ಮೀ. ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಹತ್ತು ಬೀಮ್ (ಪುಲ್ ಅಪ್) ಎಳೆದರೆ 40. ಅವರಲ್ಲಿ ತೋಟದ ಕೂಲಿಕಾರರ ಲೈನ್‌ಮನೆಯ ಹುಡುಗರೂ ಇದ್ದಾರೆ, ಕೊಡವ ಮನೆತನಗಳ ಐನ್‌ಮನೆಯ ಹುಡುಗರೂ ಇದ್ದಾರೆ. ಏದುಸಿರು ಎಲ್ಲರದೂ ಒಂದೇ.

ಕ್ಯಾಂಪಿನಿಂದ ಬಂದ ಮುಂದಿನ ಬೇಸಿಗೆಯಲ್ಲೇ ಕಾರ್ಗಿಲ್. ತರಬೇತಿ ಮುಗಿದು ಪ್ರಮಾಣ ಮಾಡುವ ಜೇವರ್ಗಿಯ ಕಸಮ್ ಪರೇಡ್ ಆಗಿತ್ತೋ ಇಲ್ಲವೋ, ಅಷ್ಟು ಹೊಸಬರನ್ನು ಅಲ್ಲಿಗೆ ಕಳಿಸಿರಲಾರರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ದಿನಾ ಸುಂಟಿಕೊಪ್ಪಕ್ಕೆ ಹೋಗಿ ಪೇಪರು ತರುತ್ತಿದ್ದೆ. ಹುತಾತ್ಮರಾದ ಕನ್ನಡಿಗರ ಹೆಸರು ಬಂದಾಗೆಲ್ಲ ಬೆರಳಿಟ್ಟು ಓದುತ್ತಿದ್ದೆ. ಒಂದು ದಿನ ಹಾಗೆ ಓದುತ್ತಿದ್ದಾಗ ಹೊಳೆಯಿತು, ನಾನು ಹುಡುಕುತ್ತಿರುವ ಹೆಸರೇ ನನಗೆ ಗೊತ್ತಿಲ್ಲ. ಅವನಿಗೆ ನಾನೂ ಇವತ್ತಿಗೂ ಕಾರ್ಯಪ್ಪನೇ.