ಡೀಸೆಲ್ ಊರಲ್ಲಿ ಡೀಸೆಲ್ ಕಾರಿಲ್ಲ

ಕಳೆದ ಚಳಿಗಾಲದಲ್ಲಿ ಬಾಣಂತನಕ್ಕೆಂದು ಅತ್ತೆ ಮಂಡ್ಯದಿಂದ ಬಂದರು. ಜೊತೆಗೆ ಮಾವನೂ ಬಂದರು. ಅತ್ತೆಗೆ ಕೈತುಂಬ ಕೆಲಸ. ಮಗುವಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ನಡುವೆ ನನಗೆ ಬೈಗುಳ. ಮಾವನಿಗೆ ಮಾತ್ರ ಏನೂ ಕೆಲಸವಿಲ್ಲ. ಇಪ್ಪತ್ತೈದು ವರ್ಷ ಟ್ಯಾಕ್ಸಿ ಓಡಿಸಿದ ಮನುಷ್ಯ. ಮೊದಲು ಡೀಸೆಲ್ ಅಂಬಾಸಿಡರ್, ಆಮೇಲೆ ಕ್ವಾಲಿಸ್, ಕೊನೆಗೆ ಇನ್ನೋವಾ. ಎರಡನೇ ವಾರಕ್ಕೆಲ್ಲ ದಿನಾ ಬೆಳಗ್ಗೆ ಬೀದಿ ತುದಿಯ ಬಂಕಿಗೆ ನಡೆದುಹೋಗಿ ಬರುವುದು ಶುರುವಾಯಿತು. ಕಾಫಿಗಲ್ಲ, ಗಾಡಿ ನೋಡೋಕೆ.

ಒಂದು ದಿನ ಬಂದವರೇ ಕೇಳಿದರು. "ಅಳಿಯಂದ್ರೇ, ನಲವತ್ತು ಗಾಡಿ ಎಣಿಸಿದೆ. ಒಂದೂ ಡೀಸೆಲ್ ಹಾಕಿಸ್ಕೊಳ್ಳಲಿಲ್ಲ. ಅಷ್ಟು ದೊಡ್ಡ ಪಿಕಪ್ಪು, ಅದಕ್ಕೂ ಪೆಟ್ರೋಲಾ?"

ಈ ಪ್ರಶ್ನೆ ಬೇರೆ ಯಾವ ಊರಲ್ಲಿ ಕೇಳಿದ್ದರೂ ಸುಮ್ನೆ ನಕ್ಕು ಬಿಡಬಹುದಿತ್ತು. ಆದರೆ ನಾವಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ಸಿನಲ್ಲಿ. ಎಲ್ಲರಿಗೂ ಗೊತ್ತಿರುವ ಒಹಾಯೋದ ಕೊಲಂಬಸ್ ಅಲ್ಲ, ಸುಮಾರು 50 ಸಾವಿರ ಜನರ ಚಿಕ್ಕ ಊರು ಇದು. ಡೀಸೆಲ್ ಎಂಜಿನ್ ಮಾಡುವ ಕಮಿನ್ಸ್ ಕಂಪನಿ 1919ರಲ್ಲಿ ಹುಟ್ಟಿದ್ದು ಇಲ್ಲೇ, ಅದರ ಮುಖ್ಯ ಕಚೇರಿ ಇವತ್ತಿಗೂ ಇಲ್ಲೇ ಇದೆ. ನಮ್ಮ ಎಷ್ಟೋ ಟಾಟಾ ಲಾರಿಗಳ ಹೊಟ್ಟೆಯಲ್ಲಿ ಕೂತಿರುವುದೂ ಇವರದೇ ಎಂಜಿನ್. ಇಡೀ ಊರಿನ ಅನ್ನ ಡೀಸೆಲ್‌ನಿಂದ ಹುಟ್ಟುತ್ತದೆ. ಆದರೂ ಆ ಅನ್ನ ತಿನ್ನುವವರು ಕೆಲಸಕ್ಕೆ ಹೋಗುವುದು ಪೆಟ್ರೋಲ್ ಕಾರಿನಲ್ಲಿ. ನಾನೂ ಅಷ್ಟೆ.

ಇನ್ನೊಂದು ತಮಾಷೆ. ಅಮೆರಿಕದ ಮೊದಲ ಡೀಸೆಲ್ ಕಾರು ಓಡಿದ್ದೂ ಈ ಊರಿನವರಿಂದಲೇ. ಕಂಪನಿ ಶುರು ಮಾಡಿದ ಕ್ಲೆಸ್ಸಿ ಕಮಿನ್ಸ್ ಒಂದು ಹಳೇ ಪ್ಯಾಕಾರ್ಡ್ ಕಾರಿಗೆ ತನ್ನ ಡೀಸೆಲ್ ಎಂಜಿನ್ ಕೂರಿಸಿ, 1930ರ ಜನವರಿಯಲ್ಲಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿನ ಕಾರು ಪ್ರದರ್ಶನಕ್ಕೆ ಓಡಿಸಿಕೊಂಡು ಹೋದ. ಇಡೀ ದಾರಿಗೆ ಖರ್ಚಾದ ಇಂಧನ 1 ಡಾಲರ್ 38 ಸೆಂಟ್. ಇದನ್ನು ಹೇಳಿದಾಗ ಮಾವನ ಮುಖ ಅರಳಿತು. "ನೋಡಿ, ಆವಾಗ್ಲೇ ಲೆಕ್ಕ ಗೊತ್ತಿತ್ತು ಅವನಿಗೆ" ಅಂದರು.

ಲೆಕ್ಕ ಅನ್ನುವುದು ಮಾವನ ಮೆಚ್ಚಿನ ಮಾತು. ಅದಕ್ಕೇ ಒಂದು ಹಳೇ ಲಕೋಟೆ ತಿರುವಿ ಇಬ್ಬರೂ ಲೆಕ್ಕ ಹಾಕಲು ಕೂತೆವು. ಮೊದಲು ಅವರದು. 2012ರ ಸುಮಾರಿಗೆ ನಮ್ಮಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ವ್ಯತ್ಯಾಸವಿತ್ತು, ನೆನಪಿದೆಯಾ? ಡೀಸೆಲ್ ಬೆಲೆ ಸರ್ಕಾರದ ಕೈಯಲ್ಲಿತ್ತು. ಪೆಟ್ರೋಲ್ 75, ಡೀಸೆಲ್ 45 ಅಂತಿಟ್ಟುಕೊಳ್ಳಿ. ಟ್ಯಾಕ್ಸಿ ವರ್ಷಕ್ಕೆ 40 ಸಾವಿರ ಕಿಲೋಮೀಟರ್. ಪೆಟ್ರೋಲ್ ಗಾಡಿ ಲೀಟರಿಗೆ 10 ಕೊಟ್ಟರೆ 3 ಲಕ್ಷ ರೂಪಾಯಿ. ಡೀಸೆಲ್ ಗಾಡಿ 13 ಕೊಟ್ಟರೆ 1 ಲಕ್ಷ 38 ಸಾವಿರ. ಡೀಸೆಲ್ ಗಾಡಿಗೆ ಜಾಸ್ತಿ ಕೊಟ್ಟ ದುಡ್ಡು ಒಂದೇ ವರ್ಷಕ್ಕೆ ವಾಪಸ್. "ಇನ್ನೇನ್ ಬೇಕು?" ಅಂದರು ಮಾವ.

ಈಗ ಇಲ್ಲಿನದು. ಇಲ್ಲಿ ಡೀಸೆಲ್ಲೇ ದುಬಾರಿ. ನಮ್ಮ ಬಂಕಿನಲ್ಲಿ ಗ್ಯಾಲನ್‌ಗೆ ಅರ್ಧ ಡಾಲರ್‌ಗಿಂತ ಹೆಚ್ಚು ಫರಕು ಇರುತ್ತದೆ. ತೆರಿಗೆಯೂ ಉಲ್ಟಾ. ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಗ್ಯಾಲನ್‌ಗೆ 18.4 ಸೆಂಟ್ ಹಾಕಿದರೆ ಡೀಸೆಲ್ ಮೇಲೆ 24.4 ಸೆಂಟ್. 1993ರಿಂದ ಇದು ಹೀಗೇ ಇದೆ. ಯುರೋಪಿನ ಹೆಚ್ಚಿನ ದೇಶಗಳು ಡೀಸೆಲ್ ಮೇಲಿನ ತೆರಿಗೆ ಕಡಿಮೆ ಇಟ್ಟು ಜನರನ್ನು ಆ ಕಡೆಗೆ ತಳ್ಳಿದವು. ಅಮೆರಿಕ ಹಾಗೆ ಮಾಡಲಿಲ್ಲ. ಇಲ್ಲಿ ಡೀಸೆಲ್ ಅಂದರೆ ಲಾರಿ. ಲಾರಿ ಅಂದರೆ ರಸ್ತೆ ಹಾಳು. ಹಾಗಾಗಿ ಲಾರಿಯವನು ಜಾಸ್ತಿ ಕಟ್ಟಲಿ ಅನ್ನುವ ಲೆಕ್ಕ.

ಸರಿ, ವರ್ಷಕ್ಕೆ 12 ಸಾವಿರ ಮೈಲಿ ಓಡಿಸುವ ಒಬ್ಬ ಮಾಮೂಲಿ ಮನುಷ್ಯ. ಪೆಟ್ರೋಲ್ ಗಾಡಿ ಗ್ಯಾಲನ್‌ಗೆ 30 ಮೈಲಿ ಕೊಡುತ್ತದೆ, ಡೀಸೆಲ್ 40. ಪೆಟ್ರೋಲ್ 400 ಗ್ಯಾಲನ್, ಡೀಸೆಲ್ 300. ಪೆಟ್ರೋಲ್ 3.10 ಡಾಲರ್, ಡೀಸೆಲ್ 3.70. ಕೂಡಿ ಕಳೆದರೆ ವರ್ಷಕ್ಕೆ ಉಳಿಯುವುದು 130 ಡಾಲರ್. ಡೀಸೆಲ್ ಎಂಜಿನ್ನಿಗೆ 4 ಸಾವಿರ ಡಾಲರ್ ಜಾಸ್ತಿ ಕೊಟ್ಟಿದ್ದರೆ ಅದು ಹುಟ್ಟಲು 30 ವರ್ಷ ಬೇಕು.

ಮಾವ ಲಕೋಟೆಯನ್ನು ಎರಡು ಸಲ ನೋಡಿದರು. "30 ವರ್ಷಕ್ಕೆ ಗಾಡಿ ಗುಜರಿಗೆ ಹೋಗಿರುತ್ತೆ" ಅಂದು ಪೆನ್ನು ಕೆಳಗಿಟ್ಟರು.

ಬೆಲೆಯ ಹಿಂದೆ ರಿಫೈನರಿಯ ಕತೆಯೂ ಇದೆ. ಒಂದು ಬ್ಯಾರೆಲ್ ಕಚ್ಚಾ ತೈಲ ಅಂದರೆ 42 ಗ್ಯಾಲನ್. ಇಲ್ಲಿನ ರಿಫೈನರಿಗಳು ಅದರಿಂದ ಸುಮಾರು 19–20 ಗ್ಯಾಲನ್ ಪೆಟ್ರೋಲ್ ತೆಗೆಯುತ್ತವೆ, ಡೀಸೆಲ್ 11–13. ಭಾರದ ತೈಲವನ್ನು ಒಡೆದು ಪೆಟ್ರೋಲ್ ಮಾಡುವುದಕ್ಕೇ ಅವನ್ನು ಕಟ್ಟಿರುವುದು. ಬರುವ ಡೀಸೆಲ್ಲಿಗೆ ಲಾರಿ, ಗೂಡ್ಸ್ ರೈಲು, ಟ್ರ್ಯಾಕ್ಟರ್, ಹಳದಿ ಸ್ಕೂಲ್ ಬಸ್ಸು ಬಾಯಿ ತೆರೆದು ಕಾಯುತ್ತಿರುತ್ತವೆ. ಉಳಿದದ್ದು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ.

ಹಾಗಾದರೆ ಯಾವತ್ತೂ ಡೀಸೆಲ್ ಕಾರು ಇರಲೇ ಇಲ್ವಾ? ಇತ್ತು. ಆ ಕತೆ ಮಾವನಿಗೆ ನನಗಿಂತ ಬೇಗ ಅರ್ಥವಾಯಿತು.

1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದಿಲ್ಲ ಅಂದಾಗ ಇಲ್ಲಿನ ಬಂಕುಗಳ ಮುಂದೆ ಮೈಲುದ್ದ ಸಾಲು. 1975ರಲ್ಲಿ ಸರ್ಕಾರ ಕಾರು ಕಂಪನಿಗಳಿಗೆ ಮೈಲೇಜ್ ಕಾನೂನು ತಂದಿತು. ಜನರಲ್ ಮೋಟರ್ಸ್‌ಗೆ ಡೀಸೆಲ್ ನೆನಪಾಯಿತು. 1978ರಲ್ಲಿ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 5.7 ಲೀಟರಿನ ವಿ8 ಡೀಸೆಲ್ ಎಂಜಿನ್ ಬಂತು. ಅದನ್ನು ಇದ್ದ ಪೆಟ್ರೋಲ್ ವಿ8 ಮೇಲೆಯೇ ಕಟ್ಟಿದ್ದರು. ಬ್ಲಾಕನ್ನೇನೋ ಗಟ್ಟಿ ಮಾಡಿದ್ದರು. ಆದರೆ ಎಂಜಿನ್ನಿನ ತಲೆಯನ್ನು ಬ್ಲಾಕಿಗೆ ಬಿಗಿಯುವ ಹೆಡ್ ಬೋಲ್ಟುಗಳ ಜೋಡಣೆ ಪೆಟ್ರೋಲ್ ಎಂಜಿನ್ನಿನದೇ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ಪ್ರಮಾಣ, 22.5ಕ್ಕೆ 1...

ನಾನು ಮಾತು ಮುಗಿಸುವ ಮೊದಲೇ ಮಾವ "ಹೆಡ್ ಗ್ಯಾಸ್ಕೆಟ್ ಹೋಗಿರುತ್ತೆ" ಅಂದರು.

ಹೋಯಿತು. ಸಾಲಾಗಿ ಹೋಯಿತು. ಬೋಲ್ಟು ಎಳೆದುಕೊಂಡು, ತಲೆಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಬಿಟ್ಟು ನೀರು ಸಿಲಿಂಡರಿಗೆ ಇಳಿಯುತ್ತಿತ್ತು. ಮೆಕ್ಯಾನಿಕ್ಕುಗಳಿಗೆ ಡೀಸೆಲ್ ಹೊಸದು. ಗ್ಯಾಸ್ಕೆಟ್ ಬದಲಿಸಿ ಅದೇ ಹಳೇ ಬೋಲ್ಟನ್ನು ಬಿಗಿ ಮಾಡಿ ಕಳಿಸುತ್ತಿದ್ದರು. ಸಾಲದ್ದಕ್ಕೆ, ಡೀಸೆಲ್‌ನಲ್ಲಿ ಬೆರೆತ ನೀರನ್ನು ತಡೆಯುವ ಸಪರೇಟರನ್ನೂ ಹಾಕಿರಲಿಲ್ಲ. ಪಂಪು, ಇಂಜೆಕ್ಟರು ತುಕ್ಕು ಹಿಡಿದವು. "ವಾಟರ್ ಸಪರೇಟರ್ ಇಲ್ವಾ! ನಮ್ಮ ಹಳೇ ಮೆಟಡಾರ್‌ನವರೂ ಹಂಗ್ ಮಾಡಲ್ಲ" ಅಂತ ಮಾವ ನಿಜಕ್ಕೂ ಬೇಜಾರು ಮಾಡಿಕೊಂಡರು. 1981ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ನೂರಕ್ಕೆ ಆರು ಡೀಸೆಲ್. ಅದೇ ಶಿಖರ. 1985ಕ್ಕೆ ಆ ಎಂಜಿನ್ ನಿಂತಿತು. ಅಷ್ಟರಲ್ಲಿ ಪೆಟ್ರೋಲ್ ಮತ್ತೆ ಅಗ್ಗವಾಗಿತ್ತು. ಅದೇ ಕಾಲದ ಮರ್ಸಿಡಿಸ್ 240ಡಿ, 300ಡಿ ಕಾರುಗಳು ಲಕ್ಷಗಟ್ಟಲೆ ಮೈಲಿ ಓಡಿದವು. ಆದರೆ ಜನರ ತಲೆಯಲ್ಲಿ ಉಳಿದದ್ದು ಕೆಟ್ಟು ನಿಂತ ಓಲ್ಡ್ಸ್‌ಮೊಬೈಲ್.

ಇಷ್ಟರ ಮೇಲೂ ಎಲ್ಲೋ ಒಂದು ಕಡೆ ಡೀಸೆಲ್ ವಾಪಸ್ ಬರಬಹುದಿತ್ತು. ಅದಕ್ಕೆ ಅಡ್ಡ ಬಂದಿದ್ದು ಏನು ಅಂತ ಒಂದು ಶನಿವಾರ ಊಟಕ್ಕೆ ಬಂದ ಧಾರವಾಡದ ಗೆಳೆಯ ಬಿಡಿಸಿ ಹೇಳಿದ. ಅವನ ಕೆಲಸ ಎಂಜಿನ್ ಹೊಗೆ ಅಳೆಯುವುದು. "ಅದು ಎಂಜಿನ್ ಪ್ರಶ್ನಾ ಅಲ್ರೀ ಕಾಕಾ, ಹೊಗೀ ಪ್ರಶ್ನಾ" ಅಂದ.

ಲಾಸ್ ಏಂಜಲೀಸ್ ಊರು ಬೆಟ್ಟಗಳ ನಡುವಿನ ಬಟ್ಟಲು. ಕಾರುಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಸಿಕ್ಕಿ ಕಣ್ಣುರಿಸುವ ಮಂಜಾಗುತ್ತವೆ. ಅದಕ್ಕೇ ಕ್ಯಾಲಿಫೋರ್ನಿಯಾ ಎಲ್ಲರಿಗಿಂತ ಮೊದಲು ಬಿಗಿ ಕಾನೂನು ಮಾಡಿತು. ದೇಶವೂ ಹಿಂದೆಯೇ ಹೋಯಿತು. ಪೆಟ್ರೋಲ್ ಕಾರಿನಲ್ಲಿ ಈ ಅನಿಲವನ್ನು ಸೈಲೆನ್ಸರಿನ ಮೊದಲೇ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ತಿಂದುಬಿಡುತ್ತದೆ. ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದು ಉರಿಯುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದರಿಂದ ಆ ಕನ್ವರ್ಟರ್ ನೈಟ್ರೋಜನ್ ಆಕ್ಸೈಡ್ ಕಡೆ ತಿರುಗಿಯೂ ನೋಡುವುದಿಲ್ಲ. ಯುರೋಪು "ಪಾಪ ಡೀಸೆಲ್" ಅಂತ ಅದಕ್ಕೆ ಬೇರೆ ಮಿತಿ ಇಟ್ಟಿತು. ಯೂರೋ 5 ಅನ್ನುವ ಅಲ್ಲಿನ ಹೊಗೆ ನಿಯಮದಲ್ಲಿ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 0.06 ಗ್ರಾಂ, ಡೀಸೆಲ್ಲಿಗೆ 0.18. ಅಮೆರಿಕ 2004ರಿಂದ ತಂದ ನಿಯಮದಲ್ಲಿ ಎಣ್ಣೆ ಯಾವುದಾದರೂ ಮಿತಿ ಒಂದೇ. ಕಂಪನಿಯ ಸರಾಸರಿ ಮೈಲಿಗೆ 0.07 ಗ್ರಾಂ. ಅಂದರೆ ಕಿಲೋಮೀಟರಿಗೆ 0.044.

ಅದನ್ನು ಮುಟ್ಟಲು ಡೀಸೆಲ್ ಕಾರಿಗೆ ಮಸಿ ಹಿಡಿಯುವ ಫಿಲ್ಟರು ಬೇಕು, ದೊಡ್ಡ ಕಾರಾದರೆ ನೈಟ್ರೋಜನ್ ಆಕ್ಸೈಡ್ ಕಳೆಯಲು ಯೂರಿಯಾ ನೀರಿನ ಟ್ಯಾಂಕು ಬೇಕು. ಊರಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಲಾರಿಗಳಿಗೆ ಹಾಕುತ್ತಾರಲ್ಲ, ಅದೇ. "ಗದ್ದೆಗೆ ಹಾಕೋ ಯೂರಿಯಾನಾ?" ಅಂದರು ಮಾವ. ಹೆಚ್ಚು ಕಡಿಮೆ ಅದೇ, ಶುದ್ಧ ಮಾಡಿ ನೀರಲ್ಲಿ ಕರಗಿಸಿದ್ದು. ಈ ಸಾಮಾನೆಲ್ಲ ಸೇರಿಯೇ ಆ 4 ಸಾವಿರ ಡಾಲರ್.

ಒಂದು ಕಂಪನಿ ಮಾತ್ರ ಯೂರಿಯಾ ಗೊಡವೆಯಿಲ್ಲದ ಜೆಟ್ಟಾ ಕಾರನ್ನೂ ಅಗ್ಗಕ್ಕೆ ಮಾರುತ್ತಿತ್ತು. ಫೋಕ್ಸ್‌ವ್ಯಾಗನ್. ಎಲ್ಲರಿಗೂ ಆಶ್ಚರ್ಯ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಹೊಗೆ ಅಳೆಯುವ ಯಂತ್ರವನ್ನು ಕಾರಿನ ಹಿಂದೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ಸುತ್ತಿತು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಲ್ಯಾಬಿನಲ್ಲಿ ಸಾಧುವಾಗಿದ್ದ ಕಾರು ರಸ್ತೆಯಲ್ಲಿ ಮಿತಿಯ ಎಷ್ಟೋ ಪಟ್ಟು ಉಗುಳುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಅಂತ ಕಾರಿನ ಸಾಫ್ಟ್‌ವೇರ್ ಕಂಡುಹಿಡಿದು, ಆಗ ಮಾತ್ರ ಮರ್ಯಾದೆಯಿಂದ ನಡೆದುಕೊಳ್ಳುತ್ತಿತ್ತು. 2015ರ ಸೆಪ್ಟೆಂಬರ್ 18ರಂದು ಸರ್ಕಾರ ಇದನ್ನು ಬಯಲು ಮಾಡಿತು. ಮಿತಿಯ 40 ಪಟ್ಟಿನವರೆಗೆ ಅಂದಿತು. ಕಂಪನಿ ಇಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸ್ ಕೊಳ್ಳಬೇಕಾಯಿತು. ಡೆಟ್ರಾಯ್ಟ್ ಹತ್ತಿರದ ಒಂದು ಪಾಳು ಕ್ರೀಡಾಂಗಣದ ಸುತ್ತ ಅವನ್ನು ಸಾಲಾಗಿ ನಿಲ್ಲಿಸಿದ್ದ ಫೋಟೋ ತೋರಿಸಿದೆ. ಮಾವ ಬಹಳ ಹೊತ್ತು ನೋಡಿದರು. ಅಷ್ಟು ಒಳ್ಳೇ ಗಾಡಿಗಳು ಮಳೆಯಲ್ಲಿ ನಿಂತಿವೆ ಅನ್ನುವುದೇ ಅವರ ಸಂಕಟ. ಮೋಸದ ಬಗ್ಗೆ ಏನೂ ಅನ್ನಲಿಲ್ಲ. ಎಮಿಷನ್ ಸರ್ಟಿಫಿಕೇಟ್ ವ್ಯಾನುಗಳನ್ನು ಎಷ್ಟು ಕಂಡಿದ್ದಾರೋ!

ನಮ್ಮ ದೇಶದ ಡೀಸೆಲ್ ಪ್ರೀತಿಯೂ ಅದು ಅಗ್ಗ ಇರುವ ತನಕ ಮಾತ್ರ, ನಿಜ ಹೇಳಬೇಕೆಂದರೆ. 2014ರಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ನನ್ನ ಭಾಮೈದ 2021ರಲ್ಲಿ ಕೊಂಡಿದ್ದು ಪೆಟ್ರೋಲ್ ಕಾರು. ಅಪ್ಪನಿಗೆ ಹೇಳಿದ್ದು ಬುಕ್ ಮಾಡಿದ ಮೇಲೆ. ಈ ವಿಷಯ ನಾನು ಎತ್ತಲಿಲ್ಲ. ಅಳಿಯ ಅಂದ ಮೇಲೆ ಕೆಲವು ಮಾತು ನುಂಗಬೇಕಲ್ವಾ.

ಇಲ್ಲಿ ಡೀಸೆಲ್ ಹೆಚ್ಚಾಗಿ ಉಳಿದಿರುವುದು ದೊಡ್ಡ ಪಿಕಪ್ಪುಗಳಲ್ಲಿ. ಹೊರೆ ಸೇರಿ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ದಾಟಿದ ಗಾಡಿಗಳಿಗೆ ಕಾನೂನು ಬೇರೆ. ಅವುಗಳ ಕಿಟಕಿಗೆ ಮೈಲೇಜ್ ಚೀಟಿ ಅಂಟಿಸಬೇಕಾಗಿಲ್ಲ. ಕೊಳ್ಳುವವರೂ ಮೈಲೇಜ್ ನೋಡುವುದಿಲ್ಲ, ಎಳೆತ ನೋಡುತ್ತಾರೆ. ಸಣ್ಣ ಪಿಕಪ್ಪುಗಳಲ್ಲೂ ಪ್ರಯತ್ನ ನಡೆಯಿತು. ಫೋರ್ಡ್ ಎಫ್-150ಗೆ 2018ರಲ್ಲಿ ಡೀಸೆಲ್ ಕೊಟ್ಟು 2021ಕ್ಕೆ ಕೈಬಿಟ್ಟಿತು.

ನಮ್ಮ ಎದುರುಮನೆಯಾತನ ಬಳಿ ಅಂಥ ದೊಡ್ಡ ಡೀಸೆಲ್ ಪಿಕಪ್ಪೊಂದು, ರ‍್ಯಾಮ್ ಇದೆ. ಅವನಿಗೆ ಊರಾಚೆ ಜಮೀನು, ದನ ಸಾಗಿಸುವ ಟ್ರೇಲರು. ಜಮೀನಿನ ಟ್ರ್ಯಾಕ್ಟರಿಗೆ ಹಾಕುವುದು ತೆರಿಗೆಯಿಲ್ಲದ ಕೆಂಪು ಬಣ್ಣದ ಡೀಸೆಲ್. ಅದನ್ನೇ ಪಿಕಪ್ಪಿಗೆ ಹಾಕಿ ರಸ್ತೆಗೆ ತಂದು ಸಿಕ್ಕಿಬಿದ್ದರೆ ಕಡಿಮೆ ಅಂದರೂ ಸಾವಿರ ಡಾಲರ್ ದಂಡ. ಇದು ಮಾವನಿಗೆ ತಕ್ಷಣ ಅರ್ಥವಾಯಿತು. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ಕಂಡವರಿಗೆ ಬಿಡಿಸಿ ಹೇಳಬೇಕಾ?

ಜನವರಿಯ ಒಂದು ಬೆಳಗ್ಗೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. ಎದುರುಮನೆಯಾತ ರಾತ್ರಿಯೆಲ್ಲ ಎಂಜಿನ್ ಬೆಚ್ಚಗಿಡಲು ಪ್ಲಗ್ಗಿಗೆ ಸಿಕ್ಕಿಸಿದ್ದ ವೈರು ಕಿತ್ತು ಗಾಡಿ ಸ್ಟಾರ್ಟ್ ಮಾಡಿದ. ಮಾವ ಶಾಲು ಹೊದ್ದುಕೊಂಡೇ ಬಾಗಿಲು ತೆಗೆದು ಓಡಿದರು. ಅತ್ತೆ ಹಿಂದಿನಿಂದ ಕೂಗಿದ್ದು ಕೇಳಲಿಲ್ಲ. ಆರು ಸಿಲಿಂಡರಿನ ಕಮಿನ್ಸ್. ನಮ್ಮೂರ ದಕ್ಷಿಣಕ್ಕಿರುವ ಕಾರ್ಖಾನೆಯಲ್ಲೇ ಹುಟ್ಟಿದ್ದು, ಟಾಟಾ ಲಾರಿಯ ಎಂಜಿನ್ನಿನ ಅಣ್ಣತಮ್ಮ. ಮಾವ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅರ್ಧ ನಿಮಿಷ ಶಬ್ದ ರೆಕಾರ್ಡ್ ಮಾಡಿ ಮಂಡ್ಯದ ಟ್ಯಾಕ್ಸಿ ಸ್ಟ್ಯಾಂಡಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ಮಾತೂ ಬರೆಯಲಿಲ್ಲ.

ಒಳಗೆ ಬಂದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಎರಡು ಉತ್ತರ ಬಂದಿದ್ದವು. "ಅಮೆರಿಕಕ್ಕೆ ಹೋಗಿ ಟಾಟಾ ಲಾರಿ ಪಕ್ಕ ನಿಂತಿದ್ದೀಯಾ ಅಣ್ಣ?" ಅಂತ ಒಂದು. ಇನ್ನೊಂದು, "ಎಷ್ಟ್ ಕೊಡುತ್ತೆ?"