ಹೆಸರಾದ ಹೋಟೆಲ್, ಎಳೆದ ಶಟರ್: ಮಂಗಳೂರಿನ ಎರಡು ರಾತ್ರಿಯ ಊಟ

ಜುಲೈ, ಶನಿವಾರ, ರಾತ್ರಿ 8:50. ಹನ್ನೆರಡು ಪ್ರವಾಸಿಗರಿದ್ದ ಟಿಟಿ (ಟೆಂಪೋ ಟ್ರಾವೆಲರ್) ಹಂಪನಕಟ್ಟೆ ಹತ್ತಿರ ಜಡಿಮಳೆಯಲ್ಲಿ ನಿಂತಿದೆ. ಫೋನಿನಲ್ಲಿ ಡ್ರೈವರ್: "ಸರ್, ಇಲ್ಲಿ ಶಟರ್ ಎಳೆದುಬಿಟ್ಟಿದ್ದಾರೆ." ಐಟಿನರಿಯಲ್ಲಿ, ಅಂದರೆ ಪ್ರವಾಸದ ವೇಳಾಪಟ್ಟಿಯಲ್ಲಿ, ಆ ಹೋಟೆಲ್ ಹಾಕಿದ್ದು ಟೂರ್ ಕೋ-ಆರ್ಡಿನೇಟರ್ ಆದ ನಾನೇ. ಮೀನೂಟಕ್ಕೆ ದೊಡ್ಡ ಹೆಸರು, ರೇಟಿಂಗೂ ಚೆನ್ನಾಗಿತ್ತು. ಆದರೆ ಅದು ಮಧ್ಯಾಹ್ನದ ಹೋಟೆಲ್. ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು, ಮಾಡಿರಲಿಲ್ಲ.

ಮುಂದಿನ ಇಪ್ಪತ್ತೈದು ನಿಮಿಷ ನಾಲ್ಕು ಕಡೆ ಕೇಳಿದೆ. ಎರಡರಲ್ಲಿ ಮುಕ್ಕಾಲು ಗಂಟೆ ಕಾಯಬೇಕು, ಮೂರನೆಯದರಲ್ಲಿ ಹನ್ನೆರಡು ಜನರಿಗೆ ಜಾಗವಿಲ್ಲ. ನಾಲ್ಕನೆಯದು ಸಿಕ್ಕಿತು. ಅಲ್ಲಿ ಕಾಣೆ ಮೀನಿಲ್ಲ, ಅಂಜಲ್ ಮೀನಿಲ್ಲ, ಐಸಿನಲ್ಲಿಟ್ಟ ಬಂಗುಡೆ ಮೀನು ಮಾತ್ರ. ಗುಂಪಿನ ಹಿರಿಯರೊಬ್ಬರು ಕಾಣೆ ರವಾ ಫ್ರೈ ತಿನ್ನಬೇಕೆಂದೇ ಹೆಸರು ಕೊಟ್ಟಿದ್ದರು. ಅನ್ನ, ಸಾರು ಉಂಡು ಎದ್ದರು. ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಶಟರಿಗಿಂತ ದೊಡ್ಡ ತಪ್ಪು ತಿಂಗಳಿನದು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಾಡದೋಣಿಗೆ ಅವಕಾಶವಿದ್ದರೂ ಮಳೆಗಾಲದ ಕಡಲಿಗೆ ಇಳಿಯುವುದು ಸುಲಭವಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಜುಲೈಯಲ್ಲಿ ಆ ಕಡೆಯ ಮೀನು ಐಸಿನಲ್ಲಿ ಲಾರಿ ಹತ್ತಿ ಬರುತ್ತದೆ. ಅದನ್ನೇ "ಮಂಗಳೂರಿನ ತಾಜಾ ಮೀನು" ಎಂದು ಐಟಿನರಿಯಲ್ಲಿ ಬರೆಯಬಾರದು.

ಆ ಎರಡು ತಿಂಗಳ ರಾತ್ರಿ ಊಟಕ್ಕೆ ಕೋರಿರೊಟ್ಟಿ (ಗರಿಗರಿ ಅಕ್ಕಿರೊಟ್ಟಿ, ಜೊತೆಗೆ ಕೋಳಿಸಾರಿನ ಗಸಿ), ಚಿಕನ್ ಘೀ ರೋಸ್ಟ್ ಹಾಕಿ. ಘೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾದದ್ದು, ಈಗ ಮಂಗಳೂರಿನಲ್ಲೂ ಚೆನ್ನಾಗಿ ಮಾಡುವವರಿದ್ದಾರೆ. ಒಂದು ಪ್ಲೇಟಿಗೆ ಇಬ್ಬರು ಎಂದು ಲೆಕ್ಕ ಹಾಕಿ, ಜೊತೆಗೆ ನೀರುದೋಸೆ. ದೋಸೆಯನ್ನು ಒಂದೇ ಸಲಕ್ಕೆ ತರಿಸಬೇಡಿ. ಆರಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಎರಡು ಮೂರು ಕಂತಿನಲ್ಲಿ ಬರಲಿ. ಕೋರಿರೊಟ್ಟಿಗೆ ಗಸಿ ಬೇರೆ ಬಟ್ಟಲಲ್ಲಿ ಕೇಳಿ, ತಿನ್ನುವವರೇ ಸುರಿದುಕೊಳ್ಳಲಿ. ಮೊದಲೇ ಸುರಿದಿಟ್ಟರೆ ರೊಟ್ಟಿಯ ಗರಿಗರಿ ಹೋಗಿ ಮುದ್ದೆಯಾಗುತ್ತದೆ. ಸಸ್ಯಾಹಾರಿಗಳಿಗೆ ತುಳುವರ ಮಳೆಗಾಲದ ಆಟಿ ತಿಂಗಳೇ ಹಬ್ಬ: ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು). ಮೆನು ಕಾರ್ಡಿನಲ್ಲಿ ಇಲ್ಲದಿದ್ದರೂ ಹಿಂದಿನ ದಿನ ಹೇಳಿಟ್ಟರೆ ಕೆಲವರು ಮಾಡಿಕೊಡುತ್ತಾರೆ. ಹೊರಗಿನಿಂದ ಬಂದವರು ವರ್ಷಗಟ್ಟಲೆ ನೆನೆಯುವುದು ಇಂಥದ್ದನ್ನೇ.

ಉಳಿದ ತಿಂಗಳಲ್ಲಿ ಮೀನೇ ಸರಿ. "ಕಾಣೆ ಇದೆಯಾ?" ಎಂದರೆ "ಇದೆ" ಎಂಬ ಉತ್ತರ ಬರುತ್ತದೆ. "ಇವತ್ತು ಏನು ಬಂದಿದೆ?" ಎಂದು ಕೇಳಿ, ಬಂದದ್ದನ್ನು ತೋರಿಸಲು ಹೇಳಿ. ಕಾಣೆಗೆ ರವಾ ಫ್ರೈ, ಬಂಗುಡೆಗೆ ಹುಳಿ-ಖಾರದ ಪುಳಿಮುಂಚಿ, ಅಂಜಲ್‌ಗೆ ತವಾ ಫ್ರೈ. ಅಂಜಲ್, ಮಾಂಜಿ (ಪಾಂಫ್ರೆಟ್) ಮೀನಿಗೆ ಗಾತ್ರದ ಮೇಲೆ ದರ, ಆದ್ದರಿಂದ ತವಾಕ್ಕೆ ಬೀಳುವ ಮೊದಲೇ ತುಂಡಿನ ಬೆಲೆ ಕೇಳಿಕೊಳ್ಳಿ. ನಮ್ಮ ಆಫೀಸು ತಲೆಗಿಷ್ಟು ಎಂದು ಒಂದೇ ಮೊತ್ತ ಕಟ್ಟಿ ಕಳಿಸುತ್ತದೆ, ಮೀನಿನ ಊರಿಗೆ ಅದು ಹೊಂದುವುದೇ ಇಲ್ಲ. ಬಿಲ್ ಜಾಸ್ತಿಯಾದರೆ ವಿವರಣೆ ಕೊಡಬೇಕಾದವನು ಕೋ-ಆರ್ಡಿನೇಟರ್.

ಎರಡು ರಾತ್ರಿಯಿದ್ದರೆ ಮುಖ್ಯ ಊಟ ಎರಡನೆಯ ರಾತ್ರಿಗಿರಲಿ. ಬೆಂಗಳೂರಿನಿಂದ ಬರುವ ಗಾಡಿ ಶಿರಾಡಿ ಘಾಟಿಯಲ್ಲಿ ಸಿಕ್ಕಿಕೊಂಡರೆ ಮೊದಲ ರಾತ್ರಿಯ ಟೇಬಲ್ ಕೈತಪ್ಪಿತೆಂದೇ ಲೆಕ್ಕ. ಅಂದು ಲಾಡ್ಜ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಾದರೂ ಸಾಕು.

ಹೋಟೆಲಿಗೆ ಫೋನ್ ಮಾಡಲು ಸಂಜೆ ನಾಲ್ಕೂವರೆ ಒಳ್ಳೆಯ ಹೊತ್ತು, ಮಧ್ಯಾಹ್ನದ ಗಿರಾಕಿಗಳು ಹೋಗಿರುತ್ತಾರೆ, ಮ್ಯಾನೇಜರ್ ಮಾತಿಗೆ ಸಿಗುತ್ತಾರೆ. ಹಿಂದಿನ ದಿನ ಒಮ್ಮೆ, ಅದೇ ದಿನ ಇನ್ನೊಮ್ಮೆ. "ಓಪನ್ ಇದೆಯಾ?" ಸಾಲದು, "ರಾತ್ರಿ ತವಾ ಎಷ್ಟು ಗಂಟೆವರೆಗೆ?" ಎನ್ನಿ. ಹನ್ನೆರಡು ಜನರಿಗೆ ಒಟ್ಟಿಗೆ ಜಾಗವೋ, ನಾಲ್ಕು ನಾಲ್ಕಾಗಿ ಕೂರಬೇಕೋ? ಟಿಟಿ ಎಲ್ಲಿ ನಿಲ್ಲಬೇಕು? ಟೇಬಲ್ 7:30ಕ್ಕೆ ಹೇಳಿ, 8:30 ದಾಟಿದರೆ ಮನೆಮಂದಿಯ ಗುಂಪುಗಳು ತುಂಬಿಕೊಳ್ಳುತ್ತವೆ.

ಸಿಹಿಯನ್ನು ಅಲ್ಲೇ ಮುಗಿಸಬೇಡಿ. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್‌ನವರ ಪಬ್ಬಾಸ್ ಮಂಗಳೂರಿನ ಲಾಲ್‌ಬಾಗ್‌ನಲ್ಲಿದೆ, ಗಡ್‌ಬಡ್ ಐಸ್‌ಕ್ರೀಮ್ ಅಲ್ಲಿ ತಿನ್ನಿಸಿ. ವಾರಾಂತ್ಯದ ರಾತ್ರಿ ಕಾಯುವುದು ಇದ್ದೇ ಇರುತ್ತದೆ, ಅರ್ಧ ಗಂಟೆ ಕೈಯಲ್ಲಿರಲಿ.

ಆಫೀಸಿನ ವೆಂಡರ್ ಶೀಟಿನಲ್ಲಿ ರೇಟಿಂಗಿಗೆ ಕಾಲಂ ಇದೆ, ತಿಂಗಳಿಗೆ ಇಲ್ಲ. ಮೂರು ಸಲ ಕೇಳಿದ್ದೇನೆ. ಸದ್ಯಕ್ಕೆ ರಿಮಾರ್ಕ್ಸ್‌ನಲ್ಲೇ ಬರೆದಿಡುತ್ತಿದ್ದೇನೆ: ಮಧ್ಯಾಹ್ನ ಮಾತ್ರ. ಜೂನ್, ಜುಲೈ ಬೇಡ.